ಫೋರ್ಟ್ರಾನ್‌ನಾಗ ಮಳಿ ಕೋಷ್ಟಕ ಓದಿಸಿದ್ರ ತಿಂಗಳು, ತಾಲೂಕು ಕಲಸಿ ಹೋಗ್ಲಕತ್ತಾವ. ಕಂಪೈಲರ್ ತಪ್ಪೇನ್ರಿ?

ಭೀಮಾ_ದಂಡಿ, ಕಲಬುರಗಿ:

ಶರಣ್ರಿ ಎಲ್ಲಾರಿಗೂ. ನಾ ತೊಗರಿ ಇಳುವರಿ ಮತ್ತ ಮಳಿ ಮ್ಯಾಲ ಪಿಎಚ್‌.ಡಿ. ಮಾಡ್ಲಕತ್ತೀನಿ. ನಮ್ಮ ಗೈಡ್ ಕೊಟ್ಟ ಮಾದರಿ ಹಳೇದು, ಲೆಕ್ಕಕ್ಕ ಬಳಸೋ ಹಳೇ ಪ್ರೋಗ್ರಾಮಿಂಗ್ ಭಾಷಾ ಫೋರ್ಟ್ರಾನ್‌ನಾಗ ಅದ. 1991ರಿಂದ 2020ರ ತನಕ ವರ್ಷಕ್ಕೊಂದು ಪಠ್ಯ ಕಡತ ಮಾಡೀನಿ. ಒಂದೊಂದು ಕಡತದಾಗ ಏಳು ಸಾಲು: ಅಫಜಲಪುರ, ಆಳಂದ, ಕಲಬುರಗಿ, ಚಿಂಚೋಳಿ, ಚಿತ್ತಾಪುರ, ಜೇವರ್ಗಿ, ಸೇಡಂ, ಇದೇ ಕ್ರಮದಾಗ. ಸಾಲಿಗೆ ಜನವರಿಯಿಂದ ಡಿಸೆಂಬರ್ ತನಕ 12 ಅಂಕಿ. ತಾಲೂಕಿನ ಹೆಸರು ಕಡತದಾಗ ಬರೆದಿಲ್ಲ, ಬರೀ ಅಂಕಿ. ಕಮಲಾಪುರ, ಕಾಳಗಿ, ಶಹಾಬಾದ, ಯಡ್ರಾಮಿ ಆಮ್ಯಾಲ ಆದ ತಾಲೂಕು ಅಂತ ಅವುಗಳನ್ನ ಬ್ಯಾರೆ ಹಿಡಿದಿಲ್ಲ.

ಬರೆದದ್ದು ಇಷ್ಟ:

ರಿಯಲ್ :: ಮಳೆ(7,12)
ರೀಡ್(10,*) ಮಳೆ

ದೋಷ ಏನೂ ತೋರ್ಸಂಗಿಲ್ಲ. ಆದ್ರ ಮುದ್ರಿಸಿ ನೋಡಿದ್ರ ಆಳಂದಕ್ಕ ಫೆಬ್ರುವರಿಯಾಗ ಹಳ್ಳ ಹರಿಯೋವಷ್ಟು ಮಳಿ, ಸೇಡಂಗ ಸೆಪ್ಟೆಂಬರ್‌ನಾಗ ಒಂದು ಹನಿ ಇಲ್ಲ. ನಮ್ಮ ಕಡಿ ಸೆಪ್ಟೆಂಬರ್ ಮಳಿ ನಂಬಿನೇ ತೊಗರಿ ನಿಂತಿರ್ತದ, ಹಂಗಾಗಿ ನೋಡಿದ ಕೂಡ್ಲೇ ಎದಿ ಧಸಕ್ ಅಂತು. 84 ಅಂಕಿ ಕೂಡಿಸಿ ನೋಡಿದ್ರ ಮೊತ್ತ ಮಾತ್ರ ಎಕ್ಸೆಲ್‌ನಾಗಿಂದಕ್ಕ ಸರಿಯಾಗಿ ಕೂಡ್ತದ. ಅದಕ್ಕೇ ಎರಡು ವಾರ ಗೊತ್ತಾಗ್ಲಿಲ್ಲ. ನಾ ಜಿಫೋರ್ಟ್ರಾನ್ ಅನ್ನೋ ಕಂಪೈಲರ್ (ಬರೆದ ಕೋಡನ್ನ ಯಂತ್ರಕ್ಕ ತಿಳಿಯೋ ಹಂಗ ಬದಲಿಸೋ ತಂತ್ರಾಂಶ) ಬಳಸ್ತೀನಿ, ಗೆಳತಿ ಇಂಟೆಲ್ ಕಂಪೈಲರ್‌ನಾಗ ನಡೆಸಿದ್ರೂ ಅದೇ ಉತ್ತರ ಬಂತು.

ಇನ್ನೊಂದು. 1998ರ ಕಡತ ಮಾತ್ರ ‘ಎಂಡ್ ಆಫ್ ಫೈಲ್’ (ಕಡತ ಮುಗೀತು) ಅಂತ ನಿಂದಿರ್ತದ. ತೆರೆದು ನೋಡಿದ್ರ ಏಳೂ ಸಾಲು ಅವ. ಯಾಕ ಹಿಂಗ, ಯಾರರ ಬಿಡಿಸಿ ಹೇಳ್ರಿ.

ಕಾರಂಜಾ_ಮಾಸ್ತರ, ಬೀದರ:

ತಂಗಿ, ಎರಡೂ ಕಂಪೈಲರ್ ಒಂದೇ ಉತ್ತರ ಕೊಟ್ಟಾವಂದ್ರ ಇಬ್ಬರೂ ನಿಯಮ ಪಾಲಿಸ್ಯಾರ ಅಂತ ತಿಳಿ. ಫೋರ್ಟ್ರಾನ್ 1957ರಾಗ ಐಬಿಎಂ 704ಕ್ಕ ಬಂದಾಗಿನಿಂದ ಎರಡು ಆಯಾಮದ ಅರೇ (ಸಾಲು, ಕಾಲಂ ಇರೋ ಅಂಕಿ ಕೋಷ್ಟಕ) ಮೆಮೊರಿಯಾಗ ಕಾಲಂ ಕಾಲಂ ಆಗೇ ಕೂಡ್ತದ. ಎಡಗಡೆ ಸೂಚಿ ಮೊದಲು ಓಡ್ತದ. ಬರೀ ‘ಮಳೆ’ ಅಂತ ಬರೆದ್ರ ಅಂಕಿಗಳು ಬಂದ ಬಂದಂಗ ಮಳೆ(1,1), ಮಳೆ(2,1), ಮಳೆ(3,1) ಅಂತ ತುಂಬ್ತಾವ. ನಿನ್ನ ಕಡತ ಸಾಲಿನಂಗ ಹೋಗ್ತದ, ಅರೇ ಕಾಲಮ್ಮಿನಂಗ ತುಂಬ್ತದ.

ನೀ ಹೇಳಿದ ಸೇಡಂ ಸೆಪ್ಟೆಂಬರ್‌ನೇ ತಗೊ. ಅದು ಮಳೆ(7,9). ಎಂಟು ಕಾಲಂ ತುಂಬೋದ್ರಾಗ 56 ಅಂಕಿ ಮುಗೀತಾವ, ಮತ್ತ ಏಳು ಅಂದ್ರ 63ನೇ ಅಂಕಿ. ಕಡತದಾಗ ಐದು ಸಾಲಿಗೆ 60 ಆಯ್ತು, ಆರನೇ ಸಾಲಿನ ಮೂರನೇದು 63. ಅಂದ್ರ ಜೇವರ್ಗಿ ಮಾರ್ಚ್. ಅಲ್ಲಿ ಹನಿ ಎಲ್ಲಿಂದ ಬರಬೇಕು? ಆಳಂದ ಫೆಬ್ರುವರಿ ಅನ್ನೋದು ಒಂಬತ್ತನೇ ಅಂಕಿ, ಅಂದ್ರ ಅಫಜಲಪುರದ ಸೆಪ್ಟೆಂಬರ್. ಅಂಕಿ ಒಂದೂ ಕಳೆದಿಲ್ಲ, ಜಾಗ ಅಷ್ಟೇ ಬದಲಿ ಆಗ್ಯಾವ. ಅದಕ್ಕೇ ಮೊತ್ತ ಕೂಡಿತು.

ಹಿಂಗ ಬರಿ:

ರೀಡ್(10,*) ((ಮಳೆ(ಐ,ಜೆ), ಜೆ=1,12), ಐ=1,7)

ಒಳಗಿಂದು ಜೆ, ಅದು ಮೊದಲು ಓಡ್ತದ.

ಕಂಪೈಲರ್ ಯಾಕ ಎಚ್ಚರಿಸ್ಲಿಲ್ಲ ಅಂತ ಅನಸ್ತದಲ್ಲ, ಅದಕ್ಕ ನಿನ್ನ ಕಡತ ಕಾಣಂಗಿಲ್ಲ. ರೀಡ್ ವಾಕ್ಯವನ್ನ ಜಿಫೋರ್ಟ್ರಾನ್ ತನ್ನ ರನ್‌ಟೈಮ್ ಲೈಬ್ರರಿಗೆ (ಪ್ರೋಗ್ರಾಂ ನಡೆಯೋವಾಗ ಕೆಲಸಕ್ಕ ಬರೋ ಸಿದ್ಧ ಕೋಡ್) ಮಾಡೋ ಕರೆಗಳಾಗಿ ಬದಲಿಸ್ತದ: ಓದು ಶುರು, ಅರೇ ಕೊಡು, ಓದು ಮುಗೀತು. ಅರೇ ಪೂರ್ತಿ ಬರೆದ್ರ ಒಂದು ಚೀಟಿ ಕಳಿಸ್ತದ. ಮೆಮೊರಿಯಾಗ ಎಲ್ಲಿಂದ ಶುರು, ಒಂದೊಂದು ಆಯಾಮ ಎಷ್ಟರಿಂದ ಎಷ್ಟರ ತನಕ, ಒಂದು ಹೆಜ್ಜಿ ಎಷ್ಟು ದೂರ, ಇಷ್ಟು ಆ ಚೀಟಿಯಾಗ ಇರ್ತದ. ಲೈಬ್ರರಿ ಕಡತದಾಗಿಂದು ಒಂದೊಂದೇ ಅಂಕಿ ಹಿರಿದು ಆ ಚೀಟಿ ಪ್ರಕಾರ ಇಡ್ತದ. ‘12ಕ್ಕೊಮ್ಮೆ ತಾಲೂಕು ಬದಲಾಗ್ತದ’ ಅನ್ನೋ ಮಾತು ಎಲ್ಲೂ ಇಲ್ಲ, ನೀನೇ ಹೇಳಬೇಕು.

ಇದನ್ನ ಮಳಿ ಅಂಕಿ ಹಾಕಿ ಪರೀಕ್ಷಾ ಮಾಡಬ್ಯಾಡ. ಒಂದು ಸುಳ್ಳು ಕಡತ ಮಾಡು: ಮೊದಲ ಸಾಲು 101, 102 ಹಿಂಗ 112 ತನಕ, ಎರಡನೇದು 201ರಿಂದ, ಕೊನೇದು 712ಕ್ಕ ಮುಗೀಲಿ. ನೂರರ ಜಾಗ ತಾಲೂಕು, ಉಳಿದದ್ದು ತಿಂಗಳು. ಮಳೆ(2,2) ಮುದ್ರಿಸಿದಾಗ 202 ಬಂದ್ರ ಸರಿ. ಈಗ ನಿನಗ 109 ಬರ್ತದ. ನಾ ಹುಡುಗರಿಗೆ ಕಲಿಸೋವಾಗ ಇದನ್ನ ಬಿಟ್ಟು ಮುಂದ ಹೋಗಂಗೇ ಇಲ್ಲ.

ಸಗರನಾಡು_ಹುಡುಗ, ಯಾದಗಿರಿ:

ಮಾಸ್ತರ್ ಹೇಳಿದ್ದು ಪೂರ್ತಿ ಸರಿ. ಆದರೆ ಕಂಪೈಲರ್ ಬದಲಾದರೆ ಉತ್ತರವೂ ಬದಲಾಗುವ ಜಾಗ ಒಂದಿದೆ, ನೀವು ಮುಂದೆ ಅಲ್ಲಿಗೇ ಬರುತ್ತೀರಿ ಎಂದು ಬರೆಯುತ್ತಿದ್ದೇನೆ.

ಹವಾಮಾನ ಇಲಾಖೆಯ 0.25 ಡಿಗ್ರಿ ಅಂತರದ ಬಿಂದುಗಳ ದಿನದ ಮಳೆ ಬೈನರಿ ಕಡತದಲ್ಲಿ ಬರುತ್ತದೆ. ಒಂದು ದಿನಕ್ಕೆ 135 ರೇಖಾಂಶ, 129 ಅಕ್ಷಾಂಶ, ಒಟ್ಟು 17,415 ಬಿಂದು. ಬಿಂದುವಿಗೆ 4 ಬೈಟ್, ದಿನಕ್ಕೆ 69,660 ಬೈಟ್. ಇಲ್ಲಿ ಅರೇಯನ್ನು (135,129) ಎಂದು ಘೋಷಿಸಿ ಸೂಚಿ ಇಲ್ಲದೆ ಬರೀ ಅದರ ಹೆಸರು ಕೊಟ್ಟು ಓದುವುದೇ ಸರಿ, ಏಕೆಂದರೆ ಕಡತದಲ್ಲೂ ರೇಖಾಂಶವೇ ಮೊದಲು ಓಡುತ್ತದೆ.

ನಾನು ಡೈರೆಕ್ಟ್ ಆಕ್ಸೆಸ್‌ನಲ್ಲಿ (ಬೇಕಾದ ರೆಕಾರ್ಡನ್ನು, ಅಂದರೆ ಇಲ್ಲಿ ಒಂದು ದಿನದ ತುಂಡನ್ನು, ನೇರವಾಗಿ ಕೇಳುವ ವಿಧಾನ) ತೆರೆದು ರೆಕಾರ್ಡ್ ಉದ್ದ 69660 ಎಂದು ಕೊಟ್ಟಿದ್ದೆ. ಜಿಫೋರ್ಟ್ರಾನ್ ಆ ಸಂಖ್ಯೆಯನ್ನು ಬೈಟ್ ಎಂದು ಎಣಿಸುತ್ತದೆ. ಇಂಟೆಲ್ ಕಂಪೈಲರ್, ಬೇರೆ ಆಯ್ಕೆ ಕೊಡದಿದ್ದರೆ, 4 ಬೈಟಿನ ಪದ ಎಂದು ಎಣಿಸುತ್ತದೆ. ಹಾಗಾಗಿ ಅಲ್ಲಿ ಎರಡನೇ ರೆಕಾರ್ಡ್ ಕೇಳಿದರೆ ಜನವರಿ 5 ಬಂತು, ಮೂರನೆಯದಕ್ಕೆ ಜನವರಿ 9. ಜನವರಿಯಲ್ಲಿ ಎಲ್ಲವೂ ಹೆಚ್ಚುಕಡಿಮೆ ಸೊನ್ನೆಯೇ ಆದ್ದರಿಂದ ಕಣ್ಣಿಗೆ ಬೀಳಲಿಲ್ಲ, ಜೂನ್ ಮಳೆ ಫೆಬ್ರುವರಿಗೆ ಬಂದಾಗಲೇ ಗೊತ್ತಾಗಿದ್ದು. ಉದ್ದವನ್ನು ಕೈಯಿಂದ ಬರೆಯಬೇಡಿ, ಇನ್‌ಕ್ವೈರ್ ವಾಕ್ಯದ ಐಓಲೆಂಗ್ತ್ ಬಳಸಿ ಕಂಪೈಲರ್‌ನನ್ನೇ ಕೇಳಿ. ಇಲ್ಲವಾದರೆ ಫೋರ್ಟ್ರಾನ್ 2003ರಲ್ಲಿ ಬಂದ ಸ್ಟ್ರೀಮ್ ವಿಧಾನದಲ್ಲಿ (ರೆಕಾರ್ಡ್ ಇಲ್ಲದೆ ಬೈಟ್ ಬೈಟಾಗಿ ಓದುವುದು) ತೆರೆಯಿರಿ.

ವರ್ಷ ಪೂರ್ತಿ ಒಂದೇ ಅರೇಯಲ್ಲಿ ಬೇಕಾದರೆ 25 ಎಂಬಿ ಆಗುತ್ತದೆ. ಲಿನಕ್ಸ್‌ನಲ್ಲಿ ಸ್ಟ್ಯಾಕ್ (ತಾತ್ಕಾಲಿಕ ಅಂಕಿಗಳಿಗೆ ಮೀಸಲಾದ ಮೆಮೊರಿ) ಸಾಮಾನ್ಯವಾಗಿ 8 ಎಂಬಿ, ಅಷ್ಟು ದೊಡ್ಡ ಅರೇ ಅಲ್ಲಿ ಹಿಡಿಯದು. ಅರೇಯನ್ನು ಅಲೊಕೇಟಬಲ್ (ಪ್ರೋಗ್ರಾಂ ನಡೆಯುವಾಗ ಜಾಗ ಕೇಳಿ ಪಡೆಯುವಂಥದ್ದು) ಮಾಡಿ, ಓದುವ ಮೊದಲು ಅಲೊಕೇಟ್ ಮಾಡುವುದನ್ನು ಮರೆಯಬೇಡಿ. ರೀಡ್ ವಾಕ್ಯ ತಾನಾಗಿ ಜಾಗ ಮಾಡಿಕೊಳ್ಳುವುದಿಲ್ಲ.

ಕಾರಂಜಾ_ಮಾಸ್ತರ, ಬೀದರ:

1998ರದು ಹೇಳೋದು ಉಳಿದಿತ್ತು. ಏಳು ಸಾಲು ಅವ ಅಂದಿ, 84 ಅಂಕಿ ಅವೇನು ಎಣಿಸಿ ನೋಡು. ನಕ್ಷತ್ರ ಹಾಕಿ, ಅಂದ್ರ ರೀಡ್(10,*) ಅಂತ, ಓದಿಸಿದಾಗ ಸಾಲಿನಾಗ ಅಂಕಿ ಸಾಲದಿದ್ರ ಲೈಬ್ರರಿ ಮುಂದಿನ ಸಾಲಿಗೆ ಹೋಗಿ ಎತ್ಕೊಂಡು ಬರ್ತದ. ಎಲ್ಲೋ ಒಂದು ಕಡಿಮಿ ಇದ್ರ ಅಲ್ಲಿಂದ ಕೆಳಗ ಎಲ್ಲಾ ಒಂದೊಂದು ಮನಿ ಸರೀತಾವ, ಕೊನೆಗೆ ಕಡತ ಮುಗೀತದ.

ಅದಕ್ಕ ಒಂದೊಂದೇ ಸಾಲನ್ನ ಮೊದಲು ಪಠ್ಯವಾಗಿ ಓದು, ರೀಡ್(10,'(ಎ)') ಸಾಲು ಅಂತ. ಆಮ್ಯಾಲ ಆ ಪಠ್ಯದೊಳಗಿಂದ 12 ಅಂಕಿ ಓದಿಸು, ಐಓಸ್ಟ್ಯಾಟ್ (ಓದಿದ್ದು ಸರಿ ಆಯ್ತೋ ಇಲ್ಲೋ ಅಂತ ಅಂಕಿಯಾಗಿ ಹೇಳೋದು) ಹಚ್ಚಿ. ಪಠ್ಯ ಮುಗಿದ್ರ ಮುಂದಿನ ಸಾಲಿಗೆ ಹೋಗಲಿಕ್ಕೆ ಬರಂಗಿಲ್ಲ, ಯಾವ ಸಾಲು ಮೋಸ ಅನ್ನೋದು ಅಲ್ಲೇ ಸಿಗ್ತದ.

ಎಕ್ಸೆಲ್‌ನಿಂದ ತೆಗೆದದ್ದಾದ್ರ ಎರಡು ಅಲ್ಪವಿರಾಮ ಕೂಡಿ ಬಂದಾವೇನು ನೋಡು. ನಡುವ ಖಾಲಿ ಇದ್ರ ಫೋರ್ಟ್ರಾನ್ ಸೊನ್ನೆ ಹಾಕಂಗಿಲ್ಲ, ಅರೇಯಾಗ ಮೊದಲು ಏನಿತ್ತೋ ಅದನ್ನೇ ಬಿಡ್ತದ. ಹೋದ ವರ್ಷದ ಮಳಿ ಈ ವರ್ಷಕ್ಕ ಉಳೀತದ. ಪ್ರತಿ ಕಡತ ಓದೋ ಮೊದಲು ಅರೇಗೆ -999, ಅಂದ್ರ ಮಳಿಗೆ ಎಂದೂ ಬರದ ಅಂಕಿ, ತುಂಬಿಸು. ತಾರೀಖು 12/06/1998 ಅಂತ ಎಲ್ಲರ ಇದ್ರ ಅದನ್ನೂ ತೆಗಿ. ಆ ಓರೆ ಗೆರಿ ಕಂಡ್ರ ಓದೋದನ್ನ ಅಲ್ಲಿಗೇ ನಿಲ್ಲಿಸಿಬಿಡ್ತದ, ದೋಷ ಅಂತನೂ ಹೇಳಂಗಿಲ್ಲ.

ಭೀಮಾ_ದಂಡಿ, ಕಲಬುರಗಿ:

ಮಾಸ್ತರ್ರ, 202 ಬಂತು! ಮೂವತ್ತೂ ಕಡತ ಸಾಲು ಸಾಲಾಗಿ ಓದಿಸೀನಿ. 1998ರಾಗ ಆರನೇ ಸಾಲು, ಜೇವರ್ಗಿ, 11 ಅಂಕಿ ಮಾತ್ರ ಅವ. ಯಾವ ತಿಂಗಳು ಬಿಟ್ಟದ ಅಂತ ಕಡತ ನೋಡಿ ಹೇಳಲಿಕ್ಕೆ ಬರಂಗಿಲ್ಲ, ಸೋಮವಾರ ಮೂಲ ರಿಜಿಸ್ಟರ್ ತೆಗೆಸಿ ನೋಡ್ತೀನಿ. 2004ರಾಗ ಚಿಂಚೋಳಿಗೆ ಎರಡು ಜಾಗದಾಗ -999 ಉಳಿದದ. ಅದು ನನಗ ಗೊತ್ತೇ ಇರ್ಲಿಲ್ಲ, ಇಷ್ಟು ದಿನ ಅಲ್ಲಿ 2003ರ ಅಂಕಿ ಕೂತಿದ್ವು.

ಯಾದಗಿರಿ ಅಣ್ಣಾರ, ದಿನದ ಮಳಿ ಕಡತ ಮುಂದಿನ ತಿಂಗಳು ಹಿಡೀತೀನಿ. ಐಓಲೆಂಗ್ತ್ ಬರೆದಿಟ್ಕೊಂಡೀನಿ.