ಪಫ್ ಹಾಳೆ ಲಟ್ಟಿಸಲು ಕಡಿಮೆ ಬೆಲೆಯ ಮಷಿನ್ ಯಾವುದು?

ನಿಟ್ಟುವಳ್ಳಿ ಅಡುಗೆಮನೆ:
ದಾವಣಗೆರೆಯಲ್ಲಿ ಮನೆಯಿಂದಲೇ ಪಫ್, ಕ್ರೋಸಾಂಟ್ ಆರ್ಡರ್ ಮಾಡಿಕೊಡುತ್ತೇನೆ. ಎಲ್ಲವೂ ಲಟ್ಟಣಿಗೆಯಲ್ಲೇ. ರಟ್ಟೆ ಬಿದ್ದುಹೋಗುತ್ತಿದೆ. ಚಿರೋಟಿಗೆ ಸಾಟಿ (ತುಪ್ಪ, ಹಿಟ್ಟು ಕಲಸಿದ ಲೇಪ) ಹಚ್ಚಿ ಅಭ್ಯಾಸ ಇದೆ, ಆದರೆ ಅಲ್ಲಿ ತುಪ್ಪ, ಇಲ್ಲಿ ಬೆಣ್ಣೆ. ಇದರ ಕಾಟವೇ ಬೇರೆ. ಬಜೆಟ್ 30 ಸಾವಿರ. ಪಾಸ್ತಾ ಮಷಿನ್ ಅಗ್ಗಕ್ಕೆ ಸಿಗುತ್ತಿದೆ. ನಮ್ಮನೆಯವರು ಚಪಾತಿ ಒತ್ತುವ ಮಷಿನ್ ಸಾಕಲ್ವಾ ಅಂತಾರೆ. ಯಾವುದು ತಗೊಳ್ಳಲಿ?

ದುರ್ಗದ ಹಳೆ ಬೇಕರಿ:
ಅಕ್ಕ, ಎರಡೂ ಬೇಡ. ಚಪಾತಿ ಮಷಿನ್ ಮೇಲಿಂದ ಅದುಮುತ್ತದೆ, ಜೊತೆಗೆ ಬಿಸಿ ಬೇರೆ. ಬೆಣ್ಣೆ ಕರಗಿ ಹಿಟ್ಟಿನೊಳಗೆ ಸೇರಿತು ಅಂದರೆ ಪದರ ಎಲ್ಲಿಂದ ಬರಬೇಕು? ಮನೆಬಳಕೆಯ ಪಾಸ್ತಾ ಮಷಿನ್‌ನ ರೋಲರ್ ಅಗಲ ಸುಮಾರು 15 ಸೆಂ.ಮೀ., ರೋಲರ್ ನಡುವಿನ ಸಂದು ತೆರೆಯುವುದು ಕೆಲವೇ ಮಿ.ಮೀ. ಬೆಣ್ಣೆ ಇಟ್ಟು ಮಡಿಸಿದ ಹಿಟ್ಟು ಅದರ ಬಾಯಿಗೇ ಹೋಗುವುದಿಲ್ಲ.

ನಿಮಗೆ ಬೇಕಾದ್ದು ಮೇಜಿನ ಮೇಲಿಟ್ಟು ಕೈಯಲ್ಲಿ ತಿರುಗಿಸುವ ಶೀಟರ್, ಅಂದರೆ ಎರಡು ರೋಲರ್ ನಡುವೆ ಹಿಟ್ಟು ಎಳೆದು ಹಾಳೆ ಮಾಡುವ ಮಷಿನ್. ಸಂದು ಎಷ್ಟು ತೆರೆಯುತ್ತದೆ ಅಂತ ಮೊದಲು ಕೇಳಿ. 25 ಮಿ.ಮೀ. ಇಲ್ಲದಿದ್ದರೆ ನಾನಂತೂ ತಗೊಳ್ಳುವುದಿಲ್ಲ. ಸೆಕೆಂಡ್ ಹ್ಯಾಂಡ್ ಆದರೆ ನಿಮ್ಮದೇ ಹಿಟ್ಟು ಒಯ್ದು ಒಮ್ಮೆ ಎಳೆಸಿ ನೋಡಿ. ಹಾಳೆ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳ್ಳಗೆ ಬಂದರೆ ರೋಲರ್ ಓರೆಯಾಗಿದೆ. ಹಿಟ್ಟು ರೋಲರ್‌ಗೆ ಸುತ್ತಿಕೊಂಡರೆ ಕೆರೆಯುವ ಪಟ್ಟಿ ಸವೆದಿದೆ, ಅದನ್ನು ಬದಲಾಯಿಸಬಹುದು. ತ್ರೀ ಫೇಸ್ ಮೋಟಾರ್ ಇರುವುದನ್ನು ಪುಕ್ಕಟೆ ಕೊಟ್ಟರೂ ಮನೆಗೆ ತರಬೇಡಿ.

ಸಂದನ್ನು ಸ್ವಲ್ಪ ಸ್ವಲ್ಪವೇ ಕಿರಿದು ಮಾಡಬೇಕು. ಒಂದೇ ಸಲ ಬಿಗಿ ಮಾಡಿದರೆ ಪದರ ಹರಿಯುತ್ತದೆ.

ಮಂಡಕ್ಕಿ ಮಿರ್ಚಿ:
ನಮ್ಮ ಊರಿನ ಏಪ್ರಿಲ್ ಬಿಸಿಲಿಗೆ ಯಾವ ಮಷಿನ್ ತಂದರೂ ಅಷ್ಟೇ. ಬೆಣ್ಣೆ 15 ಡಿಗ್ರಿ ಆಸುಪಾಸಿನಲ್ಲಿದ್ದರೆ ಬಾಗುತ್ತದೆ, 30 ದಾಟಿದರೆ ಜಾರುತ್ತದೆ. ಒಂದೊಂದು ಮಡಿಕೆಗೂ ಅರ್ಧ ಗಂಟೆ ಫ್ರಿಜ್. ಮೂರು ಮಡಿಕೆಯಂತೆ ಮೂರು ಸಲ ಮಡಿಸಿದರೆ 27 ಬೆಣ್ಣೆ ಪದರ. ಸದ್ಯಕ್ಕೆ ಗ್ರಾನೈಟ್ ಕಲ್ಲಿನ ಮೇಲೆ 4 ಮಿ.ಮೀ. ಅಲ್ಯೂಮಿನಿಯಂ ಪಟ್ಟಿ ಎರಡು ಇಡಿ, ಅವುಗಳ ಮೇಲೆ ಲಟ್ಟಣಿಗೆ ಓಡಿಸಿ. ಹಾಳೆ ಸಮ ಬರುತ್ತದೆ. ದೋಸೆಗೆ ಹಾಕುವ ಬೆಣ್ಣೆ ಮಾತ್ರ ಬೇಡ, ಅದರಲ್ಲಿ ನೀರು ಜಾಸ್ತಿ.

ನಿಟ್ಟುವಳ್ಳಿ ಅಡುಗೆಮನೆ:
ಪಟ್ಟಿ ನಾಳೆಯೇ ತರಿಸುತ್ತೇನೆ. ಆದರೆ ರಟ್ಟೆ ನೋವಿಗೆ ಪಟ್ಟಿ ಮದ್ದಲ್ಲ ಅಲ್ವಾ! ಶೀಟರ್ ಬೇಕೇ ಬೇಕು. ಅಣ್ಣ, ರೋಲರ್ ಎಷ್ಟು ಅಗಲ ಇರಲಿ?

ದುರ್ಗದ ಹಳೆ ಬೇಕರಿ:
ಮೊದಲು ನಿಮ್ಮ ಫ್ರಿಜ್‌ನ ತಟ್ಟೆ ಅಳೆಯಿರಿ. ಅದಕ್ಕಿಂತ ಅಗಲದ ಹಾಳೆ ಎಳೆದು ಎಲ್ಲಿಡುತ್ತೀರಿ?