‘ಆಲ್ಬಮ್’ಗೆ ಏನಂತೀರಿ? ‘ದಿ ಫಾಲ್’ ಪಟ್ಟಿ ಮಾಡಲು ಹೋಗಿ ಸಿಕ್ಕಿಕೊಂಡೆ

ಗೆಳೆಯರೇ, ನಮಸ್ಕಾರ.

ಒಂದು ಪದಕ್ಕಾಗಿ ಎರಡು ವಾರದಿಂದ ಒದ್ದಾಡುತ್ತಿದ್ದೇನೆ. ‘ದಿ ಫಾಲ್’ ಅಂತ ಇಂಗ್ಲೆಂಡಿನ ಒಂದು ರಾಕ್ ಬ್ಯಾಂಡ್. 1976ರಲ್ಲಿ ಮ್ಯಾಂಚೆಸ್ಟರ್ ಪಕ್ಕದ ಪ್ರೆಸ್ಟ್‌ವಿಚ್‌ನಲ್ಲಿ ಶುರುವಾದದ್ದು. ಹಾಡುವವನು ಮಾರ್ಕ್ ಇ. ಸ್ಮಿತ್. 2018ರ ಜನವರಿಯಲ್ಲಿ ಅವನು ತೀರಿಕೊಂಡ, ಬ್ಯಾಂಡೂ ಅಲ್ಲಿಗೆ ಮುಗಿಯಿತು. ಅಷ್ಟು ವರ್ಷಗಳಲ್ಲಿ ಬಂದು ಹೋದ ವಾದ್ಯಗಾರರೇ ಅರವತ್ತಕ್ಕೂ ಜಾಸ್ತಿ. ಆಳು ಬದಲಾದರೂ ಮೇಳದ ಹೆಸರು ಉಳಿಯುತ್ತದಲ್ಲ, ಹಾಗೆ. ಇವರು ಹೊರತಂದದ್ದನ್ನೆಲ್ಲ ಕನ್ನಡದಲ್ಲಿ ಒಂದು ಪಟ್ಟಿ ಮಾಡೋಣ ಅಂತ ಕೂತೆ. ತಲೆಬರಹದಲ್ಲೇ ಪೆನ್ನು ನಿಂತಿತು. ‘ಆಲ್ಬಮ್‌ಗಳು’ ಅನ್ನಲೋ, ‘ಧ್ವನಿಸುರುಳಿಗಳು’ ಅನ್ನಲೋ?

ಬ್ಯಾಂಡಿನ ಹೆಸರೂ ಸುಮ್ನೆ ಬಿಡಲಿಲ್ಲ ಅನ್ನಿ. “ಏನು ಬರೀತಿದ್ದೀಯಾ?” ಅಂತ ಅಮ್ಮ ಕೇಳಿದರು. “ಫಾಲ್ ಪಟ್ಟಿ” ಅಂದೆ. “ಯಾವ ಸೀರೆಗೋ?” ಅಂದರು. ಆಲ್ಬೆರ್ ಕಾಮೂ ಕಾದಂಬರಿಯಿಂದ ತೆಗೆದುಕೊಂಡ ಹೆಸರದು. ಅದನ್ನು ‘ಪತನ’ ಮಾಡುವ ಆಸೆ ನನಗಿಲ್ಲ, ಫಾಲ್ ಫಾಲಾಗಿಯೇ ಇರಲಿ.

ಈಗ ಮುಖ್ಯ ತಕರಾರು. ನಮ್ಮಲ್ಲಿ ಪ್ಲೇಟು, ಧ್ವನಿಮುದ್ರಿಕೆ, ಧ್ವನಿಸುರುಳಿ, ಧ್ವನಿಸಾಂದ್ರಿಕೆ ಎಲ್ಲ ಇವೆ. ಆದರೆ ಹೆಚ್ಚಿನವು ಕೈಗೆ ಸಿಗುವ ವಸ್ತುವಿನ ಹೆಸರುಗಳು. ಪ್ಲೇಟು ಅಂದರೆ ತಟ್ಟೆ, ಸುರುಳಿ ಅಂದರೆ ಕ್ಯಾಸೆಟ್ಟಿನ ಟೇಪು, ಸಾಂದ್ರಿಕೆ ಅಂದರೆ ಸಿ.ಡಿ. ಫಾಲ್‌ನವರ ಮೊದಲ ರೆಕಾರ್ಡು ಬಂದದ್ದು 1978ರಲ್ಲಿ, ಕೊನೆಯ ಆಲ್ಬಮ್ 2017ರಲ್ಲಿ. ನಡುವೆ ಪ್ಲೇಟು, ಕ್ಯಾಸೆಟ್, ಸಿ.ಡಿ. ಎಲ್ಲ ದಾಟಿ ಡೌನ್‌ಲೋಡಿನ ಕಾಲಕ್ಕೆ ಬಂದರು. ಒಂದೇ ಪಟ್ಟಿಗೆ ಒಂದೇ ಪದ ಬೇಕಲ್ಲ?

ಮೊದಲು ‘ಧ್ವನಿಸುರುಳಿ’ಯನ್ನು ನಾನು ಸೀದಾ ತಳ್ಳಿಹಾಕಿದ್ದೆ. ಹೋದ ತಿಂಗಳು ಪರಿಚಯದವರೊಬ್ಬರು ‘ಭಕ್ತಿಗೀತೆಗಳ ಧ್ವನಿಸುರುಳಿ ಬಿಡುಗಡೆ’ ಅಂತ ಆಹ್ವಾನ ಪತ್ರಿಕೆ ಕೊಟ್ಟರು. ಹೋದೆ. ವೇದಿಕೆಯ ಮೇಲೆ ಹಿತ್ತಾಳೆ ತಟ್ಟೆ, ಅದರಲ್ಲಿ ಗುಲಾಬಿ ದಳ, ದಳದ ಮೇಲೆ ಜರಿ ಕಾಗದ ಸುತ್ತಿದ ಪುಟ್ಟ ಪೊಟ್ಟಣ. ಅತಿಥಿಗಳು ಬಿಚ್ಚಿ ಎತ್ತಿ ತೋರಿಸಿದರು: ಪೆನ್‌ಡ್ರೈವ್. ಎಲ್ಲರೂ ಚಪ್ಪಾಳೆ ತಟ್ಟಿದರು. ಸುರುಳಿ ಎಲ್ಲಪ್ಪಾ ಅಂತ ಕೇಳಿದವನು ನಾನೊಬ್ಬನೇ, ಅದೂ ಮನಸ್ಸಿನಲ್ಲೇ.

ಆಮೇಲೆ ‘ಆಲ್ಬಮ್’ ಎಲ್ಲಿಂದ ಬಂತು ಅಂತ ನೋಡಿದೆ, ಸ್ವಲ್ಪ ನಾಚಿಕೆಯಾಯಿತು. ನಿಮಿಷಕ್ಕೆ 78 ಸುತ್ತಿನ ಪ್ಲೇಟಿನ ಕಾಲದಲ್ಲಿ ಒಂದು ಮಗ್ಗುಲಿಗೆ ಮೂರು ನಾಲ್ಕು ನಿಮಿಷ ಹಿಡಿಸಿದರೆ ಜಾಸ್ತಿ. ಉದ್ದದ ಸಂಗೀತಕ್ಕೆ ನಾಲ್ಕೈದು ಪ್ಲೇಟು ಬೇಕು. ಅವನ್ನು ಕಾಗದದ ಚೀಲಗಳಲ್ಲಿಟ್ಟು ಫೋಟೊ ಆಲ್ಬಮ್ಮಿನ ಹಾಗೆ ರಟ್ಟು ಹಾಕಿ ಹೊಲಿದು ಮಾರುತ್ತಿದ್ದರು. 1948ರಲ್ಲಿ ಹೆಚ್ಚು ಹೊತ್ತು ನುಡಿಯುವ ಪ್ಲೇಟು, ಎಲ್‌.ಪಿ. ಬಂದು ಎಲ್ಲವೂ ಒಂದೇ ತಟ್ಟೆಯಲ್ಲಿ ಹಿಡಿಸಿತು. ರಟ್ಟಿನ ಪುಸ್ತಕ ಹೋಯಿತು, ಆಲ್ಬಮ್ ಅನ್ನುವ ಹೆಸರು ಉಳಿಯಿತು. ಅವರು ಪುಸ್ತಕವಿಲ್ಲದ ಪುಸ್ತಕ ಅನ್ನಬಹುದಾದರೆ ನಾವು ಸುರುಳಿಯಿಲ್ಲದ ಸುರುಳಿ ಅಂದರೆ ತಪ್ಪೇನು?

ಆದರೂ ನನ್ನ ಪಟ್ಟಿಗೆ ಅದು ಒಗ್ಗುತ್ತಿಲ್ಲ. ‘1979ರ ಧ್ವನಿಸುರುಳಿ’ ಅಂತ ಬರೆದರೆ ಓದುವವರ ಕಣ್ಣಿಗೆ ಕ್ಯಾಸೆಟ್ಟೇ ಬರುತ್ತದೆ, ಪೆನ್ಸಿಲ್ ತೂರಿಸಿ ತಿರುಗಿಸಿದ ನೆನಪಿನ ಸಮೇತ. ‘ಧ್ವನಿಮುದ್ರಿಕೆ’ ವಾಸಿ. ಆದರೆ ಅದು ಒಂದೇ ಹಾಡಿನ ರೆಕಾರ್ಡಿಂಗೂ ಆಗಬಹುದು, ಭಾಷಣವೂ ಆಗಬಹುದು. ಹತ್ತು ಹಾಡನ್ನು ಯೋಚಿಸಿ ಒಂದರ ಹಿಂದೆ ಒಂದು ಜೋಡಿಸಿಟ್ಟ ಕೆಲಸ ಅನ್ನುವ ಅರ್ಥ ಅದರಲ್ಲಿಲ್ಲ.

ಹೀಗೆಲ್ಲ ಕೂದಲು ಸೀಳುವುದಕ್ಕೆ ‘ಸ್ಲೇಟ್ಸ್’ ಕಾರಣ. 1981ರಲ್ಲಿ ಬಂದದ್ದು. ಹತ್ತು ಇಂಚಿನ ಪ್ಲೇಟು, ಒಂದು ಮಗ್ಗುಲಿಗೆ ಮೂರರಂತೆ ಆರು ಹಾಡು, ಎಲ್ಲ ಸೇರಿ ಅರ್ಧ ಗಂಟೆಯೂ ಇಲ್ಲ. ಒಂದೆರಡು ಹಾಡಿನ ‘ಸಿಂಗಲ್’ ಅನ್ನೋಣ ಅಂದರೆ ದೊಡ್ಡದು, ಆಲ್ಬಮ್ ಅನ್ನೋಣ ಅಂದರೆ ಚಿಕ್ಕದು. ಫಾಲ್‌ನವರ ಸ್ಟುಡಿಯೊ ಆಲ್ಬಮ್‌ಗಳು ಮೂವತ್ತು ದಾಟುತ್ತವೆ, ಆದರೆ ‘ಸ್ಲೇಟ್ಸ್’ ಸೇರಿಸಿದರೆ ಒಂದು ಲೆಕ್ಕ, ಬಿಟ್ಟರೆ ಇನ್ನೊಂದು. ನನ್ನ ಕಿವಿಗೆ ಅವರ ಒಳ್ಳೆಯ ಕೆಲಸಗಳಲ್ಲಿ ಅದೊಂದು. ಬಿಡಲು ಮನಸ್ಸಿಲ್ಲ.

‘ಲೈವ್’, ಅಂದರೆ ಜನರೆದುರು ಹಾಡುವಾಗಲೇ ಮುದ್ರಿಸಿದ್ದು, ಅನ್ನುವ ಪದದಲ್ಲಿ ಇನ್ನೊಂದು ಗುಂಡಿ ಇದೆ. ಇವರ ಮೊದಲ ಆಲ್ಬಮ್ 1979ರ ‘ಲೈವ್ ಅಟ್ ದಿ ವಿಚ್ ಟ್ರಯಲ್ಸ್’. ಹೆಸರಿನಲ್ಲೇ ಲೈವ್ ಇದೆ, ಆದರೆ ಅದು ಲಂಡನ್ನಿನ ಸ್ಟುಡಿಯೊದಲ್ಲಿ ಒಂದೇ ದಿನ ಕೂತು ಮುದ್ರಿಸಿದ್ದು. ನಾನು ಕಣ್ಣುಮುಚ್ಚಿ ‘ನೇರ’ ವಿಭಾಗಕ್ಕೆ ಹಾಕಿ, ಆಮೇಲೆ ಹೊಡೆದುಹಾಕಿದೆ. ‘ಪೀಲ್ ಸೆಷನ್’ಗೂ ಪದ ಬೇಕು. ಬಿಬಿಸಿಯ ಜಾನ್ ಪೀಲ್ ತಮ್ಮ ರೇಡಿಯೊ ಕಾರ್ಯಕ್ರಮಕ್ಕೆ ಬ್ಯಾಂಡ್‌ಗಳನ್ನು ಕರೆಸುತ್ತಿದ್ದರು. ಸಾಮಾನ್ಯವಾಗಿ ಒಂದು ದಿನ, ನಾಲ್ಕು ಹಾಡು. ಫಾಲ್‌ನವರದು 1978ರಿಂದ 2004ರವರೆಗೆ ಇಂಥವು 24. ಆಮೇಲೆ ಆರು ಸಿ.ಡಿ.ಗಳ ಪೆಟ್ಟಿಗೆಯಾಗಿ ಬಂದವು. ‘ಅಧಿವೇಶನ’ ಅಂದರೆ ವಿಧಾನಸೌಧದ ಗದ್ದಲ ನೆನಪಾಗುತ್ತದೆ. ‘ಬಾನುಲಿ ಮುದ್ರಣ’ ಅಂತ ಬರೆದಿದ್ದೇನೆ, ನಡೆಯುತ್ತದಾ?

ಇಂಥವರನ್ನು ‘ಕಲ್ಟ್’ ಬ್ಯಾಂಡ್ ಅನ್ನುತ್ತಾರೆ. ಆ ‘ಕಲ್ಟ್’ಗೆ ಮಾತ್ರ ‘ಪಂಥ’ ಅಂತ ಯಾರೂ ಹೇಳಬೇಡಿ. ಕೇಳುವವರು ಕಡಿಮೆ, ಆದರೆ ಕೇಳುವವರು ಬಿಡುವವರಲ್ಲ, ಅಷ್ಟೇ ಅದು. ಎಲ್ವಿಸ್‌ನ ಹಳೆಯ ಪ್ಲೇಟೊಂದರ ಹೆಸರಿನಲ್ಲಿ ‘ಐದು ಕೋಟಿ ಅಭಿಮಾನಿಗಳು’ ಅಂತಿತ್ತು. ಅದನ್ನು ಅಣಕಿಸಿ 2004ರ ಫಾಲ್ ಸಂಕಲನಕ್ಕೆ ‘ಐವತ್ತು ಸಾವಿರ ಅಭಿಮಾನಿಗಳು’ ಅಂತ ಹೆಸರಿಟ್ಟರು.

ಪದಪ್ರಿಯರಿಗೆ ಒಂದೆರಡು ಕೊಸರು. 1982ರ ‘ಹೆಕ್ಸ್ ಎಂಡಕ್ಷನ್ ಅವರ್’ನ ಬಿಳಿ ಹೊದಿಕೆಯ ಮೇಲೆ ಪರೀಕ್ಷೆಯ ರಫ್ ಹಾಳೆಯ ಹಾಗೆ ಕೈಬರಹ ಗೀಚಿದೆ. ‘ಹೆಕ್ಸ್’ ಅಂದರೆ ಮಾಟ. ‘ಎಂಡಕ್ಷನ್’ ಸ್ಮಿತ್ ತಾನೇ ಹುಟ್ಟಿಸಿದ ಪದ. ಅವನಿಗೆ ಸಾಲಿನ ಕೊನೆಯ ಮಾತಿಗೊಂದು ‘ಅ’ ಅಂಟಿಸುವ ಚಾಳಿಯೂ ಇತ್ತು. ನಾವು ಬಸ್ಸಿಗೆ, ಕಾರಿಗೆ ‘ಉ’ ಅಂಟಿಸಿದ ಹಾಗೆ. ಅವನ ಇಂಗ್ಲಿಷ್ ನನ್ನ ಕಿವಿಗೆ ಅಷ್ಟು ಹತ್ತಿರವಾಗಿದ್ದು ಅದಕ್ಕೇ ಇರಬೇಕು.

ನಾನು ಯೋಚಿಸಿರುವ ಪದ ‘ಹಾಡುಗಟ್ಟು’. ‘ಹಾಡುಗಬ್ಬ’ ಇದೆಯಲ್ಲ, ಅದೇ ದಾರಿ. ಓಲೆಗರಿಯ ಕಟ್ಟಿನ ಕಟ್ಟು. ಹಾಡು ಕಟ್ಟುವುದೂ ಅದರೊಳಗೆ ಬಂತು. ಪ್ಲೇಟಾದರೂ ಟೇಪಾದರೂ ಫೋನಾದರೂ ಕಟ್ಟು ಕಟ್ಟೇ. ಕೃತಕ ಅನ್ನಿಸಿದರೆ ಮುಲಾಜಿಲ್ಲದೆ ಹೇಳಿ.

ಇನ್ನೊಂದು. ನಮ್ಮ ದೊಡ್ಡಪ್ಪ ಏಳು ಇಂಚಿನದನ್ನು ‘ಚಿಕ್ಕ ಪ್ಲೇಟು’, ಹನ್ನೆರಡರದನ್ನು ‘ದೊಡ್ಡ ಪ್ಲೇಟು’ ಅನ್ನುತ್ತಿದ್ದರು. ನಿಮ್ಮಲ್ಲಿ ರೆಕಾರ್ಡ್ ಅಂಗಡಿ ಇಟ್ಟಿದ್ದವರು ಯಾರಾದರೂ ಇದ್ದರೆ ತಿಳಿಸಿ, ಹತ್ತು ಇಂಚಿನದಕ್ಕೆ ಗಿರಾಕಿಗಳು ಏನಂತ ಕೇಳುತ್ತಿದ್ದರು? ‘ಸ್ಲೇಟ್ಸ್’ ಎದುರಿನ ಜಾಗ ಇನ್ನೂ ಖಾಲಿ ಇದೆ.