ಅಪ್‌ಡೇಟ್: ಫೀಡರ್ ಬ್ರೇಕರ್ ಯಾಕೆ ತೆರೆಯಲಿಲ್ಲ ಅಂತ ಗೊತ್ತಾಯ್ತು

ಕಲಬುರಗಿಯ ನಮ್ಮ ತೊಗರಿ ಬೇಳೆ ಮಿಲ್‌ನಲ್ಲಿ ಒಂದು ಫೀಡರ್ (ಮಿಲ್‌ನ ಒಂದು ಭಾಗಕ್ಕೆ ಕರೆಂಟ್ ಒಯ್ಯುವ ಲೈನ್) ಕೇಬಲ್ ಶಾರ್ಟ್ ಆದಾಗ, ಅದರ ಬ್ರೇಕರ್ ಬದಲು 11 ಕೆವಿ ಇನ್‌ಕಮರ್ (ಇಡೀ ಮಿಲ್‌ಗೆ ಕರೆಂಟ್ ಬರುವ ಮುಖ್ಯ ಬ್ರೇಕರ್) ಟ್ರಿಪ್ ಆಗಿ ಇಡೀ ಮಿಲ್ ನಿಂತಿದ್ದು ಯಾಕೆ ಅಂತ ಕೇಳಿದ್ದೆ. ಸೆಟ್ಟಿಂಗ್ ಮುಟ್ಟುವ ಮೊದಲು, ಶಾರ್ಟ್ ಗುರುತಿಸಿ ಬ್ರೇಕರ್‌ಗೆ ತೆರೆ ಅಂತ ಹೇಳುವ ರಿಲೇಯ ಈವೆಂಟ್ ಲಾಗ್ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್.

ರಿಲೇ ತನ್ನ ಕೆಲಸ ಮಾಡಿತ್ತು. ಲಾಗ್‌ನಲ್ಲಿ ಓವರ್‌ಕರೆಂಟ್ ಪಿಕಪ್ (ಕರೆಂಟ್ ಮಿತಿ ಮೀರಿದ್ದನ್ನು ರಿಲೇ ಗುರುತಿಸಿದ್ದು) ಇದೆ, ಟ್ರಿಪ್ ಕಮಾಂಡ್ ಇದೆ. ಬ್ರೇಕರ್ ಓಪನ್ ಆಯ್ತು ಅನ್ನೋ ಸಿಗ್ನಲ್ ಮಾತ್ರ ಇಲ್ಲ. ಹಾಗಾಗಿ ಬ್ರೇಕರ್ ತೆರೆಸುವ ಟ್ರಿಪ್ ಕಾಯಿಲ್‌ಗೆ ಬ್ಯಾಟರಿಯಿಂದ ಹೋಗುವ 110 ವೋಲ್ಟ್ ಡಿಸಿ ವೈರಿಂಗ್ ಹಿಡಿದು ಹೊರಟೆವು. ಟರ್ಮಿನಲ್ ಸ್ಕ್ರೂ ಬಿಗಿಯಾಗೇ ಇತ್ತು. ಆದರೆ ವೈರ್ ಮೆಲ್ಲಗೆ ಎಳೆದ ಕೂಡಲೇ ತುದಿಯ ಲೋಹದ ಲಗ್‌ನಿಂದ ಕಳಚಿ ಕೈಗೆ ಬಂತು! ಕ್ರಿಂಪ್ (ಲಗ್ ಅನ್ನು ವೈರ್ ಮೇಲೆ ಒತ್ತಿ ಕೂರಿಸೋದು) ಸರಿಯಾಗಿ ಕೂತೇ ಇರಲಿಲ್ಲ.

ನನಗೆ ಬೇಜಾರಾಗಿದ್ದು ಇನ್ನೊಂದಕ್ಕೆ. ಟ್ರಿಪ್ ಸರ್ಕ್ಯೂಟ್ ಸೂಪರ್‌ವಿಷನ್ ರಿಲೇ ಅಂತ ಇನ್ನೊಂದು ರಿಲೇ ಪ್ಯಾನೆಲ್‌ನಲ್ಲೇ ಇದೆ. ಅದು ಕಾಯಿಲ್ ಮೂಲಕ ಯಾವಾಗಲೂ ಸಣ್ಣ ಕರೆಂಟ್ ಹರಿಸುತ್ತಾ, ದಾರಿ ಎಲ್ಲಾದರೂ ಕಡಿದರೆ ತಕ್ಷಣ ಹೇಳುತ್ತದೆ. ಪ್ಯಾನೆಲ್ ಹಾಕಿದವರು ಅದನ್ನು ಬರೀ ಒಂದು ಲ್ಯಾಂಪ್‌ಗೆ ಕೊಟ್ಟು ಬಿಟ್ಟಿದ್ದಾರೆ. ಧೂಳು ತುಂಬಿದ ರೂಮಿನಲ್ಲಿ ಆ ಲ್ಯಾಂಪ್ ಯಾರು ನೋಡ್ತಾರೆ?

ಈಗ ಅದನ್ನು ಕಂಟ್ರೋಲ್ ರೂಮಿನ ಹೂಟರ್‌ಗೆ ಜೋಡಿಸಿದ್ದೇವೆ. ಓವರ್‌ಕರೆಂಟ್ ರಿಲೇಯೇ ಕೆಟ್ಟರೆ ತಿಳಿಸುವ ಅದರ ವಾಚ್‌ಡಾಗ್ ಕಾಂಟ್ಯಾಕ್ಟ್, ಬ್ಯಾಟರಿ ಲೋ ವೋಲ್ಟೇಜ್ ಅಲಾರಂ ಕೂಡ ಅಲ್ಲಿಗೇ. ಶಾರ್ಟ್ ಆದಾಗ ಎಸಿ ವೋಲ್ಟೇಜ್ ಕುಸಿಯುತ್ತದೆ, ಟ್ರಿಪ್ ಮಾಡೋದು ಬ್ಯಾಟರಿಯೇ ಅಲ್ವಾ. ಮುಂದಿನ ಶಟ್‌ಡೌನ್‌ನಲ್ಲಿ ಉಳಿದ ಫೀಡರ್‌ಗಳ ರಿಲೇಗಳಿಗೂ ಟೆಸ್ಟ್‌ಗಾಗಿ ಕರೆಂಟ್ ಇಂಜೆಕ್ಟ್ ಮಾಡಿ, ಬ್ರೇಕರ್ ನಿಜವಾಗಿ ತೆರೆಯುತ್ತಾ ಅಂತ ನೋಡ್ತೇವೆ.